ಅಂಗೈ ಮೇಲಕ್ಕೆ, ರಾಯರೇ!

ಚೆಂಬೂರಿನಲ್ಲಿ ನನ್ನದೊಂದು ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ ಇದೆ. ನೋವು ಅಂತ ಬರುವವರ ಜಾಗ, ಹಾಗಾಗಿ ನ್ಯಾಯವಾಗಿ ಇಲ್ಲಿ ನರಳಾಟ ಕೇಳಿಸಬೇಕು. ಆದರೆ ದಿನಕ್ಕೊಂದಾದರೂ ನಗುವ ಸಂಗತಿ ನಡೆಯದೆ ನಾನು ಸಂಜೆ ಶಟರ್ ಎಳೆದದ್ದೇ ಇಲ್ಲ. ಅದರಲ್ಲೂ ಮೊಣಕೈಯವರು ಬಂದರೆ ಮುಗಿಯಿತು. ಮಂಡಿ ನೋವಿನವರು ಅಳುತ್ತಾರೆ, ಬೆನ್ನು ನೋವಿನವರು ಬೈಯುತ್ತಾರೆ, ಮೊಣಕೈಯವರು ಮಾತ್ರ ಕಳ್ಳಾಟ ಆಡುತ್ತಾರೆ. ಮೊಣಕೈ ತಿರುಗಿಸಿ ಅಂದರೆ ಭುಜ ಎತ್ತುತ್ತಾರೆ, ಭುಜ ಇಳಿಸಿ ಅಂದರೆ ಸೊಂಟ ವಾಲಿಸುತ್ತಾರೆ, ಸೊಂಟ ನೆಟ್ಟಗೆ ಮಾಡಿ ಅಂದರೆ ಕತ್ತು ಓರೆ ಮಾಡಿ ನನ್ನನ್ನು ನೋಡಿ ನಗುತ್ತಾರೆ. ನನಗೋ ಕೋಪ ಮೂಗಿನ ತುದಿಯಲ್ಲೇ. ಹೀಗಾಗಿ ನನ್ನ ಕ್ಲಿನಿಕ್ಕಿನಲ್ಲಿ ಕಿರುಚಾಟ ಕೇಳಿಸಿದರೆ ಅದು ರೋಗಿಯದ್ದಲ್ಲ, ನನ್ನದು ಅಂತ ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಗೊತ್ತು.

ಈ ವರ್ಷ ನಾನು ನಕ್ಕ ನಗುವಿನಲ್ಲಿ ಮುಕ್ಕಾಲು ಪಾಲು ಒಂದೇ ಮೊಣಕೈಗೆ ಸೇರಬೇಕು. ಅದು ರಾಯರ ಬಲ ಮೊಣಕೈ.

ಓಡಾಡುವ ಮೂಳೆ

ರಾಯರು ಬೆಂಗಳೂರಿನ ಕಡೆಯವರು, ಕಾರ್ಖಾನೆಯೊಂದರ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಇರುವುದು ನನ್ನ ಕ್ಲಿನಿಕ್ಕಿನ ಹಿಂದಿನ ರಸ್ತೆಯಲ್ಲಿ. ಒಬ್ಬಳೇ ಮಗಳು. ಅವಳ ಮದುವೆ ಗೊತ್ತಾದ ಸಂತೋಷದಲ್ಲಿ, ಲಾಫ್ಟ್ ಮೇಲಿದ್ದ ಬೆಳ್ಳಿ ಪಾತ್ರೆಗಳ ಪೆಟ್ಟಿಗೆ ಇಳಿಸಲು ಸ್ಟೂಲ್ ಹತ್ತಿದರು. ಪೆಟ್ಟಿಗೆ ಸುರಕ್ಷಿತವಾಗಿ ಕೆಳಗೆ ಬಂತು, ರಾಯರೂ ಬಂದರು, ಆದರೆ ಸುರಕ್ಷಿತವಾಗಿ ಅಲ್ಲ. ಮೊಣಕೈಯ ಹತ್ತಿರ ಒಂದು ಮೂಳೆಯ ತಲೆ ಬಿರುಕು ಬಿಟ್ಟಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮಡಿಸಲು ಬಂತು, ಚಾಚಲು ಹೆಚ್ಚುಕಡಿಮೆ ಬಂತು, ಅಂಗೈ ಮಾತ್ರ ಮೇಲಕ್ಕೆ ತಿರುಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರಲ್ಲ, ರಾಯರಿಗೆ ತಮ್ಮ ಅಂಗೈ ನೋಡಿಕೊಳ್ಳಲು ನಿಜಕ್ಕೂ ಕನ್ನಡಿ ಬೇಕಾಗಿತ್ತು.

ಮೊದಲ ದಿನ ಹೆಂಡತಿಯನ್ನು ಕರೆದುಕೊಂಡು ಬಂದು ಮುಖ ಸಣ್ಣ ಮಾಡಿಕೊಂಡು ಕೂತರು.

"ಡಾಕ್ಟ್ರಮ್ಮ, ಮುಂದಿನ ತಿಂಗಳು ಮದುವೆ. ಧಾರೆ ಹೊತ್ನಲ್ಲಿ ನಾನು ಅಂಗೈ ಮೇಲ್ಮಾಡಿ ಮಗಳ ಕೈ ಹಿಡ್ಕೋಬೇಕು. ಇವಳು ಮೇಲಿಂದ ಎರೀತಾಳೆ. ಈ ಕೈಗೆ ಎರೆದ್ರೆ ಎಲ್ಲಾ ನನ್ನ ಪಂಚೆ ಮೇಲೆ."

"ಆಗದಿದ್ರೆ ಬೊರಿವಲಿಯಿಂದ ಇವರ ತಮ್ಮ ಬಂದು ನಿಂತ್ಕೋತಾರೆ," ಅಂದರು ಹೆಂಡತಿ. "ಪುರೋಹಿತ್ರೂ ಆಗ್ಲಿ ಅಂದಿದಾರೆ."

"ಅದೇ! ಅವನು ಆಗ್ಲೇ ರೇಷ್ಮೆ ಪಂಚೆ ಇಸ್ತ್ರಿ ಮಾಡಿಸಿಟ್ಟಿದಾನೆ. ದಿನಾ ಫೋನ್ ಮಾಡಿ ಅಣ್ಣಾ ಕೈ ಹೇಗಿದೆ ಅಂತ ಕೇಳ್ತಾನೆ. ಹುಷಾರಾಗಿದೆ ಅಂದ್ರೆ ಅವನ ಧ್ವನಿ ಇಳಿದುಹೋಗುತ್ತೆ!"

ನಾನು ಗೋಡೆಯ ಮೇಲಿನ ಚಿತ್ರ ತೋರಿಸಿ ಪಾಠ ಶುರು ಮಾಡಿದೆ. ಮೊಣಕೈ ಅಂದರೆ ಒಂದೇ ಕೀಲಲ್ಲ. ಕೈ ಮಡಿಸಿ ಬಿಡಿಸುವುದಕ್ಕೆ ಬಾಗಿಲಿನ ಕೀಲಿನಂಥದ್ದು ಒಂದು. ಅಂಗೈಯನ್ನು ಮೇಲೆ ಕೆಳಗೆ ಮಾಡುವುದಕ್ಕೆ ಬೇರೆ ಏರ್ಪಾಟು. ಮುಂಗೈಯಲ್ಲಿ ಎರಡು ಮೂಳೆ. ಅಲ್ನಾ ಅನ್ನುವುದು ಇದ್ದಲ್ಲೇ ಇರುತ್ತದೆ. ರೇಡಿಯಸ್ ಅನ್ನುವುದು ಅದರ ಸುತ್ತ ಹೊರಳುತ್ತದೆ. ಅಂಗೈ ಮೇಲಿದ್ದಾಗ ಎರಡೂ ಅಕ್ಕಪಕ್ಕ, ಅಂಗೈ ಕೆಳಗಾದರೆ ರೇಡಿಯಸ್ ಹೋಗಿ ಅಲ್ನಾವನ್ನು ದಾಟಿ ಅಡ್ಡ ಮಲಗುತ್ತದೆ.

ರಾಯರ ಮುಖ ಅರಳಿತು. "ಗೊತ್ತಾಯ್ತು ಬಿಡಿ. ಅಲ್ನಾ ಅಂದ್ರೆ ನಾನು, ಕೂತ ಕಡೆ ಕೂತಿರೋದು. ರೇಡಿಯಸ್ ಅಂದ್ರೆ ಇವಳು, ಇಡೀ ದಿನ ಸುತ್ತೋದು."

ಹೆಂಡತಿ ಚಿತ್ರವನ್ನೇ ನೋಡುತ್ತಾ ಕೇಳಿದರು. "ಇವರದ್ದು ಯಾವುದು ಹೋಗಿರೋದು ಡಾಕ್ಟ್ರೇ?"

"ರೇಡಿಯಸ್ಸಿನ ತಲೆ."

"ಓಡಾಡೋದ್ರದ್ದೇ ತಲೆ ಕೆಟ್ಟಿರೋದು ತಾನೇ?" ಅಂದರು ಆಕೆ. "ನಮ್ಮನೇಲೂ ಹಾಗೇ."

ಗರ್ಭಗುಡಿಯ ಮುಂದೆ

ಚಿಕಿತ್ಸೆ ಶುರುವಾದ ಮೊದಲ ದಿನಗಳಲ್ಲಿ ರಾಯರ ಕೈ ಬಂದು ನಿಲ್ಲುತ್ತಿದ್ದದ್ದು ಒಂದೇ ಜಾಗಕ್ಕೆ. ಅಂಗೈ ಕೆಳಗೂ ಅಲ್ಲ, ಮೇಲೂ ಅಲ್ಲ, ಹೆಬ್ಬೆರಳು ಆಕಾಶಕ್ಕೆ, ಬೆರಳುಗಳು ಎದುರಿನವರ ಹೊಟ್ಟೆಗೆ. ಅಂದರೆ ಸರಿಯಾಗಿ ಶೇಕ್‌ಹ್ಯಾಂಡಿನ ಭಂಗಿ. ಅವರು ತರಕಾರಿಯವನ ಹತ್ತಿರ ಚಿಲ್ಲರೆಗೆ ಕೈ ಚಾಚಿದರೆ ಅವನು ಕೈ ಕುಲುಕಿ "ನಮಸ್ತೇ ಅಂಕಲ್" ಅನ್ನುತ್ತಿದ್ದ. ಚಿಲ್ಲರೆಗೆ ಮತ್ತೆ ಚಾಚಿದರೆ ಮತ್ತೆ ಕುಲುಕುತ್ತಿದ್ದ.

ಒಂದು ಏಕಾದಶಿಯ ದಿನ ರಾಯರು ದೇವಸ್ಥಾನಕ್ಕೆ ಹೋದರು. ಅಲ್ಲಿಗೆ ಆ ವಾರವಷ್ಟೇ ಉಡುಪಿಯ ಕಡೆಯಿಂದ ಹೊಸ ಅರ್ಚಕರು ಬಂದಿದ್ದರು. ತುಂಬ ವಿನಯದ ಮನುಷ್ಯ. ಊರು ಹೊಸದು, ಜನ ಹೊಸಬರು, ಎಲ್ಲಿ ಏನು ತಪ್ಪಾಗುತ್ತದೋ ಅಂತ ಭಯ. ರಾಯರು ಭಕ್ತಿಯಿಂದ ಕಣ್ಣು ಮುಚ್ಚಿ ತೀರ್ಥಕ್ಕೆ ಕೈ ಚಾಚಿದರು. ಅರ್ಚಕರು ಆ ಕೈ ನೋಡಿದರು. ರಾಯರ ಮುಖ ನೋಡಿದರು. ಮತ್ತೆ ಕೈ ನೋಡಿದರು. ಆಮೇಲೆ ತೀರ್ಥದ ಉದ್ಧರಣೆಯನ್ನು ನಿಧಾನವಾಗಿ ತಟ್ಟೆಯಲ್ಲಿಟ್ಟು, ಕೈಯನ್ನು ಶಲ್ಯಕ್ಕೆ ಒರೆಸಿಕೊಂಡು, ಗರ್ಭಗುಡಿಯ ಹೊಸ್ತಿಲಲ್ಲೇ ನಿಂತು ರಾಯರ ಕೈ ಕುಲುಕಿದರು.

ರಾಯರು ಕಣ್ಣು ಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅರ್ಚಕರು ಕೆಂಪಾಗಿ ಹೇಳಿದರಂತೆ, "ಬೇಜಾರು ಮಾಡಬೇಡಿ ಮಾರಾಯ್ರೆ. ಬೊಂಬಾಯಿಯಲ್ಲಿ ಕ್ರಮ ಹೀಗೆಯೋ ಏನೋ ಅಂತ ಗ್ರಹಿಸಿದೆ."

ರಾಯರು ಸೀದಾ ನನ್ನಲ್ಲಿಗೆ ಬಂದು ಕಥೆ ಹೇಳಿ, ದುಃಖದಿಂದ ಕೂತರು. ನಾನು ನಗು ತಡೆಯಲಾರದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ.

"ನಗಿ ಡಾಕ್ಟ್ರಮ್ಮ, ನಗಿ. ಅವರು ಕೈ ಕುಲುಕಿದ್ದಕ್ಕೆ ನನಗೆ ಬೇಜಾರಿಲ್ಲ. ಅಷ್ಟೊತ್ತಿನಲ್ಲಿ ನಾನು ಬಾಯಿ ತಪ್ಪಿ 'ಗ್ಲ್ಯಾಡ್ ಟು ಮೀಟ್ ಯೂ' ಅಂದ್ಬಿಟ್ಟೆ, ಅದು ದೇವರಿಗೆ ಕೇಳಿಸಿತೇನೋ ಅಂತ."

ಮೇನ್ ಸ್ವಿಚ್

ಒಂದು ದಿನ ಕ್ಲಿನಿಕ್ಕಿನ ಪ್ಲಗ್ ಸುಟ್ಟು ವಾಸನೆ ಬಂತು. ನಮ್ಮ ಬಿಲ್ಡಿಂಗಿಗೆಲ್ಲ ಒಬ್ಬನೇ ಎಲೆಕ್ಟ್ರಿಷಿಯನ್, ವಿಜಾಪುರದ ಕಡೆಯ ಮುಸಲ್ಮಾನ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ವಾಚ್‌ಮನ್ ಹತ್ತಿರ ಹಿಂದಿ. ಬಂದವನೇ ಕೆಳಗೆ ಹೋಗಿ ಮೇನ್ ಆಫ್ ಮಾಡಿ ಬಂದ, ಗೋಡೆಯ ಮೂಲೆಯಲ್ಲಿ ಕೂತು ಪ್ಲಗ್ ಬಿಚ್ಚಿದ. ರಾಯರು ಮಂಚದ ಮೇಲೆ ಮೊಣಕೈಗೆ ಬಿಸಿ ಶಾಖದ ಚೀಲ ಕಟ್ಟಿಕೊಂಡು ಕತ್ತಲಲ್ಲಿ ಮಲಗಿದ್ದರು.

ಎಲೆಕ್ಟ್ರಿಷಿಯನ್ ವೈರ್ ಎಳೆದ. ಎಳೆದ ರಭಸಕ್ಕೆ ಅವನ ಮೊಣಕೈ ಕಬ್ಬಿಣದ ಮಂಚದ ಅಂಚಿಗೆ ಬಡಿಯಿತು.

"ಯಪ್ಪೋ! ಕರೆಂಟ್!" ಅಂತ ಕೂಗಿ ಎರಡಡಿ ಹಿಂದಕ್ಕೆ ಹಾರಿದ. "ಯಾವಾಂವ ಮೇನ್ ಹಾಕ್ದಾಂವ?"

ನಾನು ಬಾಯಿ ತೆರೆಯುವುದರೊಳಗೆ ಮೀಟರ್ ರೂಮಿಗೆ ಓಡಿದ. ಅಲ್ಲಿಂದ ವಾಚ್‌ಮನ್ ಜೊತೆ ಜಗಳ ಕೇಳಿಸಿತು. "ಮೇನ್ ಕಿಸ್ನೇ ಚಾಲೂ ಕಿಯಾ ಭಾಯ್?" ಅಂತ ಇವನು, "ಚಾವಿ ಮೇರೇ ಪಾಸ್ ಹೈ, ಕೌನ್ ಕರೇಗಾ?" ಅಂತ, ಬೀಗದ ಕೈ ತನ್ನ ಹತ್ತಿರವೇ ಇದೆಯೆಂದು ಅವನು. ಸ್ವಿಚ್ ಆಫ್ ಆಗಿಯೇ ಇತ್ತು. ಬಂದು ಕೂತ, ವೈರ್ ಮುಟ್ಟುವ ಮೊದಲು ಟೆಸ್ಟರ್ ಹಚ್ಚಿ ನೋಡಿದ, ದೀಪ ಹತ್ತಲಿಲ್ಲ. ಕೈ ಇನ್ನೂ ಜುಂ ಅನ್ನುತ್ತಿತ್ತು. ಈಗ ಟೆಸ್ಟರನ್ನೇ ಅನುಮಾನದಿಂದ ನೋಡತೊಡಗಿದ.

ನಾನು ವಿವರಿಸಿದೆ. ಮೊಣಕೈಯ ಒಳಮಗ್ಗುಲಲ್ಲಿ ಮೂಳೆಯ ಹಿಂದೆ ಒಂದು ನರ ಚರ್ಮಕ್ಕೆ ತೀರ ಹತ್ತಿರ ಹಾದುಹೋಗುತ್ತದೆ, ಕಿರುಬೆರಳಿನ ತನಕ. ಅದಕ್ಕೆ ಏಟು ಬಿದ್ದರೆ ಹೀಗೇ ಜುಮ್ಮೆನ್ನುತ್ತದೆ, ಇದು ಮಂಚದ ಏಟು, ವೈರಿನದಲ್ಲ.

ಅವನು ಕಿರುಬೆರಳು ಆಡಿಸಿ ನೋಡಿಕೊಂಡ. ಮೊಣಕೈ ಮುಟ್ಟಿ ನೋಡಿಕೊಂಡ. "ನೀವು ಹೇಳೂದು ಖರೇ ಇರಬೇಕ್ರೀ ಮೇಡಮ್ಮಾರ. ಅಂದ್ರ ವೈರಿಂಗ್ ಒಳಗೂ ಐತಿ."

"ಇದೆ."

"ಹಂಗಾರ," ಅಂತ ಮಂಚದ ಮೇಲಿದ್ದ ರಾಯರ ಕಡೆ ಕೈ ತೋರಿಸಿದ, "ಈ ಹಿರಿಯಾರಿಗೆ ಎರಡ್ ವಾರದಿಂದ ನೀವು ಬಾಯಿಲೆ ಬೈಯೂದೇನು? ಎಲ್ಲಿ ಫ್ಯೂಸ್ ಹೋಗೇತಿ ನೋಡ್ರಲ್ಲ."

ಸೌಟಿನ ವ್ರತ

ಅಂಗೈ ತಿರುಗಿಸುವುದಕ್ಕೆ ಮನೆಯಲ್ಲೇ ಮಾಡುವ ಸುಲಭದ ವ್ಯಾಯಾಮ ಒಂದಿದೆ. ತೂಕದ ಸೌಟೊಂದನ್ನು ಹಿಡಿಯ ಕಡೆಯಿಂದ ಮುಷ್ಟಿಯಲ್ಲಿ ನೆಟ್ಟಗೆ ಹಿಡಿಯಬೇಕು. ಮೊಣಕೈ ಪಕ್ಕೆಗೆ ಒತ್ತಿಕೊಂಡಿರಬೇಕು. ಸೌಟನ್ನು ಮೆಲ್ಲಗೆ ಹೊರಮಗ್ಗುಲಿಗೆ ವಾಲಲು ಬಿಟ್ಟರೆ ಅದರ ಭಾರವೇ ಅಂಗೈಯನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ರಾಯರಿಗೆ ಹೇಳಿಕೊಟ್ಟೆ.

ರಾಯರು ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ಬೆಳಿಗ್ಗೆ ಸ್ನಾನ ಮಾಡಿ, ಪಂಚೆಯುಟ್ಟು, ಹಣೆಗೆ ಗಂಧ ಇಟ್ಟುಕೊಂಡು ಅಡುಗೆಮನೆಯಲ್ಲಿ ಶುರು ಮಾಡಿದರು. ಹೆಂಡತಿ ಕಾಲಿಗೆ ಕೈಗೆ ಸಿಗಬೇಡಿ ಅಂತ ಬಾಲ್ಕನಿಗೆ ಅಟ್ಟಿದರು. ಬಾಲ್ಕನಿ ಇರುವುದು ಪೂರ್ವಕ್ಕೆ. ಬರಿಮೈ, ಜನಿವಾರ, ಎದುರಿಗೆ ಉದಯಿಸುವ ಸೂರ್ಯ, ಕೈಯಲ್ಲಿ ಹಿತ್ತಾಳೆ ಸೌಟು, ತುಟಿಯಲ್ಲಿ ಲೆಕ್ಕ. ನೋಡಿದವರಿಗೆ ಅದು ಲೆಕ್ಕ ಅಂತ ಹೇಗೆ ಗೊತ್ತಾಗಬೇಕು?

ಕೆಳಗಿನ ಮನೆಯ ಮಂಗಳೂರಿನ ಆಂಟಿ ಲಿಫ್ಟಿನಲ್ಲಿ ರಾಯರ ಹೆಂಡತಿಯನ್ನು ಹಿಡಿದು ಕೇಳಿದರು. "ನಿಮ್ಮ ಯಜಮಾನರು ಬೆಳಿಗ್ಗೆ ಮಾಡೂದು ಎಂಥದು ಅದು?"

ರಾಯರ ಹೆಂಡತಿಗೆ ಅವಸರ. "ಮಗಳ ಮದುವೆ ಇದೆಯಲ್ಲ, ಅದಕ್ಕೇ ಮಾಡ್ತಿರೋದು," ಅಂದು ಹೊರಟುಹೋದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಂಟಿಗೆ ಮದುವೆ ವಯಸ್ಸಿಗೆ ಬಂದ ಮಗನಿದ್ದ. ಮಾರನೆಯ ದಿನ ಕೆಳಗಿನ ಬಾಲ್ಕನಿಯಲ್ಲಿ ಇನ್ನೊಂದು ಸೌಟು ಎದ್ದಿತು. ಆ ವಾರದ ಕೊನೆಗೆ ಎದುರು ಸಾಲಿನ ಗುಜರಾತಿ ಮನೆಯಲ್ಲೊಂದು. ರಾಯರಿಗೆ ಇದು ಯಾವುದೂ ಗೊತ್ತಿಲ್ಲ. "ಏನು ಡಾಕ್ಟ್ರಮ್ಮ, ಈಚೆಗೆ ನಮ್ಮ ಕಾಲೊನೀಲಿ ಎಲ್ಲರಿಗೂ ಮೊಣಕೈ ಮುರೀತಾ ಇದೆಯಲ್ಲ," ಅಂತ ನನ್ನನ್ನೇ ಕೇಳಿದರು.

ಕೆಲವು ದಿನ ಕಳೆದು ಮಂಗಳೂರಿನ ಆಂಟಿ ಬಲಗೈ ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೇ ಬಂದರು. ಮೊಣಕೈಯ ಹೊರಮಗ್ಗುಲು ಊದಿತ್ತು. ಏನು ಮಾಡಿದಿರಿ ಅಂದರೆ ನಾಚಿಕೊಂಡು ಎಲ್ಲ ಹೇಳಿದರು. ಸೌಟು ಯಾವುದು ಅಂದೆ. ಸಮಾರಂಭಕ್ಕೆ ಸಾಂಬಾರು ಬಡಿಸುವ ಕಬ್ಬಿಣದ್ದು. ಎಷ್ಟು ಸಲ ಅಂದೆ. ನೂರೆಂಟು.

ನನಗೆ ಕೋಪ ನೆತ್ತಿಗೇರಿತು. ಅದು ವ್ರತ ಅಲ್ಲ, ವ್ಯಾಯಾಮ, ಮುರಿದ ಕೈಯವರಿಗೆ ಮಾತ್ರ, ಇವತ್ತೇ ನಿಲ್ಲಿಸಿ ಅಂತ ಗದರಿಸಿದೆ.

"ನಿಲ್ಲಿಸ್ಲಿಕ್ಕೆ ಹೇಗೆ ಆಗ್ತದೆ ಡಾಕ್ಟ್ರೇ?" ಅಂದರು ಆಂಟಿ. "ನಿನ್ನೆ ಮಗನಿಗೆ ದಹಿಸರಿನಿಂದ ಒಳ್ಳೆ ಸಂಬಂಧ ಬಂದಿದೆ. ಎಡಕೈಯಲ್ಲಿ ಮಾಡಿದ್ರೆ ಫಲ ಉಂಟಾ, ಅಷ್ಟು ಹೇಳಿ."

ಬಲಕ್ಕೆ ಮಾತ್ರ

ಮದುವೆ ಹತ್ತಿರ ಬಂತು. ರಾಯರ ಅಂಗೈ ಸುಮಾರು ತಿರುಗುತ್ತಿತ್ತು, ಆದರೆ ಕೊನೆಯ ಸ್ವಲ್ಪ ಬಾಕಿ. ಆ ಸ್ವಲ್ಪದಲ್ಲೇ ಎಲ್ಲ ಇರುವುದು. ಓರೆ ಅಂಗೈಯಲ್ಲಿ ನೀರು ನಿಲ್ಲುವುದಿಲ್ಲ. ತಮ್ಮನ ಫೋನ್ ಈಗ ದಿನಕ್ಕೆರಡು ಸಲ ಬರುತ್ತಿತ್ತು. ರಾಯರಿಗೆ ಊಟ ಸೇರುತ್ತಿರಲಿಲ್ಲ. "ಹುಟ್ಟಿದಾಗ ಇದೇ ಕೈಗೆ ಹಾಕಿದ್ರು ಡಾಕ್ಟ್ರಮ್ಮ ಅವಳನ್ನ, ಈ ಅಂಗೈ ಮೇಲೆ ತಲೆ ಇತ್ತು," ಅಂತ ಒಂದು ದಿನ ಹೇಳಿದರು. ಆವತ್ತು ನಾನು ಬೈಯಲಿಲ್ಲ.

ಬದಲಿಗೆ ಸ್ಕ್ರೂಡ್ರೈವರ್ ಹಿಡಿಸಿದೆ. ಬಲಗೈಯಲ್ಲಿ ತಿರುಪು ಬಿಗಿ ಮಾಡುವಾಗ ಮುಂಗೈ ಸರಿಯಾಗಿ ಅಂಗೈ ಮೇಲಾಗುವ ದಿಕ್ಕಿಗೇ ಹೊರಳುತ್ತದೆ. ತೋಳಿನ ದಪ್ಪ ಸ್ನಾಯುವಿನ ಪೂರ್ತಿ ಬಲ ಆ ದಿಕ್ಕಿಗೇ. "ಮನೇಲಿ ಎಲ್ಲೆಲ್ಲಿ ತಿರುಪು ಸಡಿಲ ಇದೆಯೋ ಬಿಗಿ ಮಾಡ್ತಾ ಹೋಗಿ. ಬಲಕ್ಕೆ ತಿರುಗಿಸಿ," ಅಂದೆ.

ನಾಲ್ಕೇ ದಿನದಲ್ಲಿ ಆ ಮನೆಯಲ್ಲಿ ಸಡಿಲವಾದದ್ದು ಒಂದೂ ಉಳಿಯಲಿಲ್ಲ. ಕುಕ್ಕರಿನ ಹಿಡಿ, ಕಿಟಕಿಯ ಚಿಲಕ, ಇಸ್ತ್ರಿಪೆಟ್ಟಿಗೆ, ಹೆಂಡತಿಯ ಕನ್ನಡಕ. ಆ ಕನ್ನಡಕ ಮಡಚಲು ಬಾರದೆ ಅವರು ಅದನ್ನು ಮಲಗುವಾಗ ಮೊಳೆಗೆ ನೇತುಹಾಕುತ್ತಿದ್ದರು.

ಭಾನುವಾರ ಮಧ್ಯಾಹ್ನ ರಾಯರ ಫೋನ್ ಬಂತು. ಹಿಂದಿನಿಂದ ಧಬಧಬ ಸದ್ದು.

"ಡಾಕ್ಟ್ರಮ್ಮ, ಊಟದ ಹೊತ್ತಿಗೆ ತೊಂದರೆ ಕೊಟ್ಟೆ. ಒಂದು ಅನುಮಾನ. ತಿರುಪನ್ನ ಎಡಕ್ಕೂ ತಿರುಗಿಸಬಹುದಾ?"

"ತಿರುಗಿಸಿ. ಏನೂ ಆಗಲ್ಲ. ಏನದು ಸದ್ದು?"

"ನನ್ನ ತಮ್ಮ. ಬೊರಿವಲಿಯಿಂದ ನನ್ನ ಕೈ ನೋಡೋಕೆ ಬಂದಿದಾನೆ. ಬಚ್ಚಲುಮನೆ ಬಾಗಿಲ ಹಿಡಿ ಬಿಗಿಯಾಗಿ ಒಳಗೆ ಸಿಕ್ಕಿಹಾಕೊಂಡಿದಾನೆ. ಹೊರಗಿನ ತಿರುಪು ಬಿಚ್ಚಿದ್ರೆ ಬಂದ್ಬಿಡ್ತಾನೆ. ನೀವು ಬಲಕ್ಕೆ ಮಾತ್ರ ಅಂದಿದ್ರಲ್ಲ, ಅದಕ್ಕೆ ಕೇಳಿದೆ."

"ಅಯ್ಯೋ ರಾಯರೇ, ಮೊದಲು ಬಿಚ್ಚಿ!"

ಆ ಕಡೆ ಧಬಧಬ ಜಾಸ್ತಿಯಾಯಿತು.

"ಇವತ್ತೇ ಬಿಚ್ಚಬೇಕಾ ಡಾಕ್ಟ್ರಮ್ಮ," ಅಂದರು ರಾಯರು, "ಅಥವಾ ಮದುವೆ ಮುಗಿದ ಮೇಲೆ ಶುರು ಮಾಡಿದ್ರೂ ನಡೆಯುತ್ತಾ?"

ಧಾರೆ

ಮದುವೆಗೆ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ವರ ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ, ಕನ್ನಡ ಮಾತಾಡುವ ಮೊದಲು ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ಮಂಟಪದಲ್ಲಿ ರಾಯರ ಹಿಂದೆಯೇ ಅವರ ತಮ್ಮ, ರೇಷ್ಮೆ ಪಂಚೆಯಲ್ಲಿ, ಕೈ ತೊಳೆದುಕೊಂಡು ಸಿದ್ಧ. ಹಿಂದಿನ ಸಂಜೆ ಕ್ಲಿನಿಕ್ಕಿನಲ್ಲಿ ರಾಯರ ಅಂಗೈ ಒಂದು ಸಲ ಪೂರ್ತಿ ತಿರುಗಿತ್ತು, ಮತ್ತೊಂದು ಸಲ ತಿರುಗಿರಲಿಲ್ಲ. ನಾನು ಮನೆಯಿಂದ ಹೊರಡುವಾಗ ದೇವರಿಗೆ ದೀಪ ಹಚ್ಚಿಯೇ ಬಂದಿದ್ದೆ.

ಪುರೋಹಿತರು "ಹುಡುಗಿ ತಂದೆ ಕೈ ಹಿಡೀರಿ" ಅಂದರು. ರಾಯರು ಕೈ ಚಾಚಿದರು. ಹೆಬ್ಬೆರಳು ಆಕಾಶಕ್ಕೆ. ಅಲ್ಲಿಂದ ನಿಧಾನವಾಗಿ ಹೊರಳಿಸಿದರು. ಅರ್ಧ ದಾರಿಯಲ್ಲಿ ಭುಜ ಎದ್ದಿತು, ಸೊಂಟ ವಾಲಿತು. ತಮ್ಮ ಒಂದು ಹೆಜ್ಜೆ ಮುಂದೆ ಬಂದ. ನಾನು ಎಲ್ಲರಿಗೂ ಕೇಳುವ ಹಾಗೆ ಕೆಮ್ಮಿದೆ. ರಾಯರು ನನ್ನ ಕಡೆ ನೋಡಿ ಭುಜ ಇಳಿಸಿದರು, ಮೊಣಕೈ ಪಕ್ಕೆಗೆ ತಂದರು, ತುಟಿ ಕಚ್ಚಿಕೊಂಡು ಇನ್ನಷ್ಟು ಹೊರಳಿಸಿದರು. ಮೂಳೆಗಳೆರಡೂ ಅಕ್ಕಪಕ್ಕ ಬಂದವು. ಅಂಗೈ ಪೂರ್ತಿ ಮೇಲಾಯಿತು, ತಟ್ಟೆಯ ಹಾಗೆ ಸಮವಾಗಿ.

ಅದರ ಮೇಲೆ ಮಗಳ ಕೈ. ಮೇಲಿಂದ ರಾಯರ ಹೆಂಡತಿ ಧಾರೆ ಎರೆದರು. ಪಂಚೆಯ ಮೇಲೆ ಒಂದು ಹನಿ ಬೀಳಲಿಲ್ಲ. ವಾದ್ಯದವರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ನಾನು. ತಮ್ಮನೂ ಹೊಡೆದ, ಪಾಪ, ಮನಸಾರೆಯೇ ಹೊಡೆದ.

"ರಾಯರೇ, ಇನ್ನು ಕೈ ಮಗುಚಿ. ಮಗಳ ಕೈ ಅಳಿಯಂದಿರ ಕೈಗೆ ಬರಲಿ," ಅಂದರು ಪುರೋಹಿತರು.

ರಾಯರು ಅಲುಗಲಿಲ್ಲ.

"ಕೈ ಮಗುಚಿ ರಾಯರೇ."

ಅಂಗೈ ಹಾಗೇ ಇತ್ತು. ಕೀಲು ಸಿಕ್ಕಿಹಾಕಿಕೊಂಡಿತು ಅಂದುಕೊಂಡೆ. ಚಪ್ಪಲಿ ಬಿಟ್ಟು ಮಂಟಪಕ್ಕೆ ಓಡಿ ರಾಯರ ಮೊಣಕೈ ಹಿಡಿದು ನೋಡಿದೆ. ಬೆಣ್ಣೆಯ ಹಾಗಿತ್ತು. ಎಲ್ಲೂ ಬಿಗಿತ ಇಲ್ಲ. ಮುಖ ನೋಡಿದೆ. ಕಣ್ಣು ತುಂಬಿ ಬಂದಿತ್ತು.

"ಕೈಯಲ್ಲಿ ಏನೂ ತೊಂದರೆ ಇಲ್ಲ ಡಾಕ್ಟ್ರಮ್ಮ," ಅಂದರು ಮೆಲ್ಲಗೆ. "ಬಿಡೋಕೆ ಆಗ್ತಾ ಇಲ್ಲ."

ನನ್ನ ಕಣ್ಣಲ್ಲೂ ನೀರು ಬಂತು. ರಾಯರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ತಮ್ಮ ಬಿಕ್ಕಿ ಬಿಕ್ಕಿ ಅತ್ತ. ವಾದ್ಯದವರು ಏನು ನುಡಿಸಬೇಕೋ ತಿಳಿಯದೆ ನಿಲ್ಲಿಸಿಬಿಟ್ಟರು. ಇಡೀ ಹಾಲ್ ಮೂಗು ಒರೆಸಿಕೊಂಡಿತು. ರಾಯರು ಇಷ್ಟು ದಿನ ಕ್ಲಿನಿಕ್ಕಿಗೆ ಬಂದು ಹೋದರೂ ಮಗಳು ಸೇರುವ ಮನೆ ಎಲ್ಲಿ ಅಂತ ನಾನು ಕೇಳಿರಲಿಲ್ಲ. ಅಮೆರಿಕವೋ ಆಸ್ಟ್ರೇಲಿಯವೋ ಇರಬೇಕು, ಪಾಪದ ತಂದೆ ಅಂದುಕೊಂಡೆ.

ವರ ಉಸಿರು ಎಳೆದುಕೊಂಡು ಹೇಳಿದ, "ಅಂಕಲ್, ಟೆನ್ಷನ್ ಬೇಡ. ನಾಳೆ ನಾಷ್ಟಾ ನಿಮ್ಮ ಮನೇಲೇ."

ಮಗಳು ಅಳುತ್ತಾ, ನಗುತ್ತಾ, ತಂದೆಯ ಅಂಗೈ ಮೇಲೆ ಕೈ ಹಾಗೇ ಇಟ್ಟುಕೊಂಡು, "ಅಪ್ಪಾ, ಬಿಡಪ್ಪಾ! ನಾವಿರೋದು ಎ ವಿಂಗ್, ನಾನು ಹೋಗ್ತಿರೋದು ನಮ್ಮದೇ ಬಿಲ್ಡಿಂಗಿನ ಸಿ ವಿಂಗಿಗೆ!" ಅಂದಳು.

ರಾಯರು ಕಣ್ಣೊರೆಸಿಕೊಂಡರು. ಕೈ ಮಗುಚಿ ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟರು. ಇಟ್ಟು, ಇಡೀ ಹಾಲಿಗೆ ಕೇಳುವ ಹಾಗೆ ಅಂದರು.

"ಆದ್ರೂ ಮಧ್ಯೆ ಬಿ ವಿಂಗ್ ಬರುತ್ತಲ್ಲಮ್ಮಾ!"